ಹೆಣದ ಲೆಕ್ಕ ಬರೆಯುವವರು ಯಾರು?



ದೇಶದಲ್ಲಿ ಕೊಲೆಗಳು ಇಳಿದಿವೆ ಎಂದು ಸರ್ಕಾರದ ಪುಸ್ತಕ ಹೇಳುತ್ತಿದೆ. ಸುಳ್ಳು ಅಂತ ಕೂಗಿ ಪುಸ್ತಕ ಮುಚ್ಚಿಬಿಡುವುದು ಸುಲಭ. ನಾವು ಹಾಗೆ ಮಾಡುವುದು ಬೇಡ. ಆ ಪುಸ್ತಕವನ್ನು ಚಾವಡಿಯ ಕಟ್ಟೆಯ ಮೇಲಿಟ್ಟು ಸಾಲು ಸಾಲಿಗೂ ಬೆರಳಿಟ್ಟು ಓದೋಣ. ನಮ್ಮ ಅಜ್ಜಂದಿರಿಗೆ ಅಕ್ಷರ ಕೊಡಲಿಲ್ಲ, ಚಾವಡಿ ಹತ್ತಗೊಡಲಿಲ್ಲ. ನಮಗೆ ನಾಲ್ಕು ಅಕ್ಷರ ಸಿಕ್ಕಿವೆ. ಸಿಕ್ಕ ಅಕ್ಷರದಿಂದ ಮೊದಲು ಓದಬೇಕಾದದ್ದು ಸತ್ತವರ ಪಟ್ಟಿ.

1953ರಲ್ಲಿ ಇಡೀ ದೇಶದಲ್ಲಿ ದಾಖಲಾದ ಕೊಲೆಗಳು 9,802. 1991ರಲ್ಲಿ 39,174. 2022ರಲ್ಲಿ 28,522. ಜನ ಬೆಳೆದದ್ದನ್ನು ಲೆಕ್ಕಕ್ಕೆ ಹಿಡಿದರೆ, 1953ರಲ್ಲಿ ಲಕ್ಷ ಜನಕ್ಕೆ ಎರಡೂವರೆಯಷ್ಟಿದ್ದದ್ದು 1991ರ ಹೊತ್ತಿಗೆ ನಾಲ್ಕೂವರೆ ದಾಟಿತು, 2022ಕ್ಕೆ ಎರಡರ ಹತ್ತಿರ ಬಂತು. ಇಳಿದದ್ದು ಇಳಿದಿದೆ. ಒಂದು ಜೀವ ಉಳಿದರೂ ಅದು ನಮಗೆ ಸಂತೋಷವೇ. ಆದರೆ ಯಾವ ಸಾವು ಇಳಿಯಿತು? ಯಾರ ಮನೆಯಲ್ಲಿ ಇಳಿಯಿತು? ಉಳಿದವರು ಹೆಣ್ಣೋ ಗಂಡೋ, ಹರೆಯದವರೋ ಮುದುಕರೋ? ಒಟ್ಟು ಮೊತ್ತ ಇದಕ್ಕೆ ಉತ್ತರ ಕೊಡುವುದಿಲ್ಲ. ಮೊತ್ತ ಅನ್ನೋದು ಊರ ಗೌಡನಿದ್ದ ಹಾಗೆ. ಎಲ್ಲರ ಪರವಾಗಿ ತಾನೊಬ್ಬನೇ ಮಾತಾಡ್ತಾನ. ಕೇರಿಯ ಮಾತು ಅವನ ಬಾಯಾಗ ಬರೋದಿಲ್ಲ.

ಮೊದಲು ಹೆಣ್ಣು ಗಂಡಿನ ಮಾತು ನೋಡೋಣ. ವಿಶ್ವಸಂಸ್ಥೆಯ ಲೆಕ್ಕದಲ್ಲಿ 2021ರಲ್ಲಿ ಜಗತ್ತಿನಾದ್ಯಂತ ಕೊಲೆಯಾದವರು ಸುಮಾರು 4,58,000 ಜನ. ಅವರಲ್ಲಿ ನೂರಕ್ಕೆ 81 ಮಂದಿ ಗಂಡಸರು. ಹಾಗಾದರೆ ಹೆಂಗಸರು ಸುರಕ್ಷಿತರೇ? ಅದೇ ಲೆಕ್ಕದ ಇನ್ನೊಂದು ಸಾಲು ಓದಿ: ಕೊಲೆಯಾದ ಹೆಂಗಸರಲ್ಲಿ ನೂರಕ್ಕೆ 56 ಮಂದಿಯನ್ನು ಕೊಂದವರು ಗಂಡ, ಗೆಣೆಯ, ಇಲ್ಲವೆ ಮನೆಯವರು. ಗಂಡಸರಲ್ಲಿ ಹೀಗೆ ಮನೆಯವರ ಕೈಯಲ್ಲಿ ಸತ್ತವರು ನೂರಕ್ಕೆ 11 ಮಾತ್ರ. ಗಂಡಿಗೆ ಸಾವು ಬೀದಿಯಿಂದ ಬರುತ್ತದೆ. ಹೆಣ್ಣಿಗೆ ಹೊಸ್ತಿಲೊಳಗೇ ಕೂತಿರುತ್ತದೆ.

ಕಳೆದ ಶತಮಾನದಲ್ಲಿ ಫಿನ್ಲೆಂಡಿನ ವೇಲಿ ವೆರ್ಕ್ಕೊ ಎಂಬ ವಿದ್ವಾಂಸ ಒಂದು ಸಂಗತಿ ಗುರುತಿಸಿದ. ಒಂದು ದೇಶದಲ್ಲಿ ಒಟ್ಟು ಕೊಲೆ ಕಡಿಮೆಯಾದಷ್ಟೂ ಸತ್ತವರ ಪಟ್ಟಿಯಲ್ಲಿ ಹೆಂಗಸರ ಪಾಲು ದೊಡ್ಡದಾಗುತ್ತದೆ. ಬೀದಿಯ ಕೊಡಲಿಯನ್ನು ಪೊಲೀಸು, ಕೋರ್ಟು, ಶಾಲೆ ಸೇರಿ ಕೆಳಗಿಳಿಸಬಹುದು. ಮನೆಯೊಳಗಿನ ಕೈ ಅಷ್ಟು ಸುಲಭವಾಗಿ ಇಳಿಯುವುದಿಲ್ಲ. ನಮ್ಮ ದೇಶದಲ್ಲಿ 2022ರಲ್ಲಿ ಕೊಲೆಯಾದವರಲ್ಲಿ ಹತ್ತಕ್ಕೆ ಸುಮಾರು ಏಳು ಗಂಡಸರು, ಮೂರು ಹೆಂಗಸರು. ಜಗತ್ತಿನ ಲೆಕ್ಕಕ್ಕಿಂತ ಹೆಂಗಸರ ಪಾಲು ಇಲ್ಲಿ ಹೆಚ್ಚು.

ಇದು ಇಂದು ನಿನ್ನೆಯದಲ್ಲ. ಪುಸ್ತಕ ಇಲ್ಲದ ಕಾಲದಲ್ಲಿ ಸಾವಿನ ಲೆಕ್ಕವನ್ನು ಕಲ್ಲಿನ ಮೇಲೆ ಬರೆದರು. ನಮ್ಮ ನಾಡಿನ ಊರೂರಿನ ಗುಡಿಯ ಮುಂದೆ, ಕೆರೆಯ ಏರಿಯ ಮೇಲೆ ಆ ಕಲ್ಲುಗಳು ನಿಂತಿವೆ. ವೀರಗಲ್ಲು ಗಂಡಿನದು: ತುರು ಹಿಡಿಯಲು ಬಂದವರ ಎದುರು ನಿಂತು ಸತ್ತ, ಊರಿನ ಗಡಿಗಾಗಿ ಸತ್ತ, ಒಡೆಯನಿಗಾಗಿ ಸತ್ತ. ಮಾಸ್ತಿಗಲ್ಲು ಹೆಣ್ಣಿನದು: ಗಂಡ ಸತ್ತ ಮೇಲೆ ಬೆಂಕಿಗೆ ಬಿದ್ದಳು. ಒಬ್ಬನದು ಗಡಿಯಲ್ಲಿ, ಒಬ್ಬಳದು ಬೆಂಕಿಯಲ್ಲಿ. ಐಹೊಳೆಯ ಮೇಗುತಿಯಲ್ಲಿ 634ನೇ ಇಸವಿಯ ಶಾಸನ ಇದೆ. ರವಿಕೀರ್ತಿ ಎಂಬ ಕವಿ ಇಮ್ಮಡಿ ಪುಲಿಕೇಶಿ ಗೆದ್ದ ಯುದ್ಧಗಳನ್ನೆಲ್ಲ ಅದರಲ್ಲಿ ಹಾಡಿದ್ದಾನೆ. ಬಾದಾಮಿಯಿಂದ ಐಹೊಳೆಯವರೆಗೆ ಆ ಗುಡಿಗಳ ಕಲ್ಲು ಒಡೆದವರು, ಹೊತ್ತವರು, ಆ ಯುದ್ಧಗಳಲ್ಲಿ ಸತ್ತ ಕಾಲಾಳುಗಳು ಯಾರು? ಅವರ ಹೆಸರು ಶಾಸನದಲ್ಲಿಲ್ಲ.

ಜನಪದಕ್ಕೆ ಇದು ಗೊತ್ತಿತ್ತು. 'ಕೆರೆಗೆ ಹಾರ' ಹಾಡಿನಲ್ಲಿ ಕೆರೆಗೆ ನೀರು ಬರಲೆಂದು ಬಲಿ ಕೊಡಬೇಕಾದಾಗ ಆರಿಸಿದ್ದು ಕಿರಿಸೊಸೆ ಭಾಗೀರಥಿಯನ್ನು. ಯಾಕೆ ಕಿರಿಸೊಸೆ? ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವಳು ಆಕೆ, ಎಲ್ಲರಿಗಿಂತ ಹೊಸಬಳು, ಆಕೆಯ ಪರ ಮಾತಾಡುವವರು ಆ ಮನೆಯಲ್ಲಿ ಯಾರೂ ಇಲ್ಲ. ಸಾವು ವಯಸ್ಸನ್ನೂ ಲಿಂಗವನ್ನೂ ನೋಡಿಯೇ ಬರುತ್ತದೆ ಎಂದು ಹಾಡು ಕಟ್ಟಿದ ಅವ್ವಂದಿರು ನಮಗಿಂತ ಮೊದಲೇ ಕಂಡಿದ್ದರು.

ಮಾಸ್ತಿಗಲ್ಲಿಗೂ ನಮ್ಮ ಕೇರಿಗೂ ಏನು ಸಂಬಂಧ, ಅದು ಮೇಲ್ಜಾತಿಯವರ ಹೆಂಗಸರ ಗೋಳು ಅಂತ ಕೆಲವರು ಕೇಳಬಹುದು. ಉತ್ತರವನ್ನು ಬಾಬಾಸಾಹೇಬರು 1916ರಲ್ಲೇ ಕೊಟ್ಟಿದ್ದಾರೆ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಭಾರತದ ಜಾತಿಗಳ ಬಗ್ಗೆ ಓದಿದ ಪ್ರಬಂಧದಲ್ಲಿ ಅವರು ಹೇಳಿದ್ದು ಇಷ್ಟು: ಜಾತಿ ನಿಂತಿರುವುದು ಜಾತಿಯೊಳಗೇ ಮದುವೆ ಮಾಡುವುದರ ಮೇಲೆ. ಗಂಡ ಸತ್ತ ಹೆಣ್ಣು ಬೇಲಿ ದಾಟಿ ಇನ್ನೊಬ್ಬನ ಕೈ ಹಿಡಿದರೆ ಜಾತಿ ಒಡೆಯುತ್ತದೆ. ಅದಕ್ಕೇ ಆಕೆಯನ್ನು ಸುಡಬೇಕು, ಇಲ್ಲವೆ ತಲೆ ಬೋಳಿಸಿ ಮೂಲೆಗೆ ಕೂಡಿಸಬೇಕು, ಅದಕ್ಕೂ ಮೊದಲು ಎಳೆ ಹುಡುಗಿಯಾಗಿರುವಾಗಲೇ ಕಟ್ಟಿಬಿಡಬೇಕು. ಸತಿ, ವೈಧವ್ಯ, ಬಾಲ್ಯವಿವಾಹ ಮೂರೂ ಜಾತಿಯ ಬೇಲಿಯ ಗೂಟಗಳು. ಅಂದರೆ ಮಾಸ್ತಿಗಲ್ಲು ಜಾತಿಯ ಕಲ್ಲು. ಹೆಣ್ಣಿನ ಸಾವಿನ ಲೆಕ್ಕ ಮತ್ತು ದಲಿತನ ಸಾವಿನ ಲೆಕ್ಕ ಎರಡಲ್ಲ. ಒಂದೇ ಬೇಲಿಯನ್ನು ಕಾಯಲು ಒಳಗೆ ಹೆಣ್ಣನ್ನು ಕೊಲ್ಲುತ್ತಾರೆ, ಹೊರಗೆ ನಮ್ಮನ್ನು ಕೊಲ್ಲುತ್ತಾರೆ.

ಈಗ ಸರ್ಕಾರದ ಪುಸ್ತಕಕ್ಕೆ ಮರಳೋಣ. 2001ರಲ್ಲಿ ದೇಶದ ಒಟ್ಟು ಕೊಲೆ 36,202. 2016ರಲ್ಲಿ 30,450. ಐದು ಸಾವಿರಕ್ಕೂ ಹೆಚ್ಚು ಇಳಿಯಿತು. ಅದೇ ಪುಸ್ತಕದಲ್ಲಿ ಪರಿಶಿಷ್ಟ ಜಾತಿಯವರ ಮೇಲಿನ ಅಪರಾಧ ಎಂಬ ಬೇರೆ ಅಧ್ಯಾಯ ಇದೆ. ಅಲ್ಲಿ 2001ರಲ್ಲಿ ಕೊಲೆ 763. 2016ರಲ್ಲಿ 786. ಊರಲ್ಲಿ ಇಳಿಯಿತು, ಕೇರಿಯಲ್ಲಿ ಇಳಿಯಲಿಲ್ಲ.

ಇನ್ನೂ ಒಂದು ಲೆಕ್ಕ ಮಾಡಿ ನೋಡಿ. 2011ರ ಜನಗಣತಿಯಲ್ಲಿ ನಾವು ನೂರಕ್ಕೆ ಹದಿನಾರೂವರೆ. 2016ರ ಕೊಲೆಯಲ್ಲಿ ನಮ್ಮ ಪಾಲು ನೂರಕ್ಕೆ ಎರಡೂವರೆ. ದಲಿತರು ಅಷ್ಟು ಸುಖವಾಗಿದ್ದಾರೆಯೇ? ಅಲ್ಲ. ದಲಿತನನ್ನು ದಲಿತೇತರ ಕೊಂದಾಗ, ಅದು ಹಾಗೆಂದು ಠಾಣೆಯಲ್ಲಿ ದಾಖಲಾದಾಗ ಮಾತ್ರ ಆ ಅಧ್ಯಾಯಕ್ಕೆ ಸೇರುತ್ತದೆ. ಉಳಿದ ನಮ್ಮ ಹೆಣಗಳು ಒಟ್ಟು ಮೊತ್ತದಲ್ಲಿ ಜಾತಿಯಿಲ್ಲದೆ ಮಲಗಿವೆ. ಬದುಕಿದ್ದಾಗ ಒಂದು ಗಳಿಗೆಯೂ ಜಾತಿ ಬಿಡದ ದೇಶ, ಸತ್ತ ಮೇಲೆ ಮಾತ್ರ ಜಾತಿ ಬರೆಯುವುದಿಲ್ಲ!

ಅಷ್ಟೇ ಅಲ್ಲ. ಕೊಲೆಯಾದವರ ವಯಸ್ಸು, ಹೆಣ್ಣೋ ಗಂಡೋ ಎಂಬ ಪಟ್ಟಿ ಒಂದು ಕಡೆ ಇದೆ. ನಮ್ಮ ಜಾತಿಯ ಪಟ್ಟಿ ಇನ್ನೊಂದು ಕಡೆ ಇದೆ. ಎರಡೂ ಒಂದೇ ಹಾಳೆಯಲ್ಲಿ ಕೂಡುವುದಿಲ್ಲ. ಆ 786ರಲ್ಲಿ ಎಷ್ಟು ತಾಯಂದಿರು, ಎಷ್ಟು ಕಾಲೇಜು ಹುಡುಗರು ಎಂದು ಹುಡುಕಿದರೆ ಸಿಗುವುದಿಲ್ಲ. ಊಟದ ಪಂಕ್ತಿಯ ಹಾಗೆ ಲೆಕ್ಕದಲ್ಲೂ ನಮ್ಮನ್ನು ಬೇರೆ ಕೂಡಿಸಿದ್ದಾರೆ.

ಕೊಲೆ ಎಂದು ಬರೆದದ್ದರ ಕಥೆ ಇದಾದರೆ, ಬರೆಯದೆ ಬಿಟ್ಟದ್ದರ ಕಥೆ ಇನ್ನೂ ದೊಡ್ಡದು. ಠಾಣೆಯಲ್ಲಿ ಯುಡಿಆರ್ ಎಂಬ ಪುಸ್ತಕ ಇರುತ್ತದೆ. ಅಸ್ವಾಭಾವಿಕ ಸಾವಿನ ಪುಸ್ತಕ. ಅದರ ಭಾಷೆ ನಮಗೆಲ್ಲ ಬಾಯಿಪಾಠ. 'ಹೊಟ್ಟೆನೋವಿನ ಬಾಧೆ ತಾಳಲಾರದೆ.' 'ಜೀವನದಲ್ಲಿ ಜಿಗುಪ್ಸೆಗೊಂಡು.' 'ಆಕಸ್ಮಿಕವಾಗಿ ಕಾಲು ಜಾರಿ ಬಾವಿಗೆ ಬಿದ್ದು.' 'ಸ್ಟೋ ಸಿಡಿದು.' ಇಪ್ಪತ್ತರ ಹರೆಯದ ಸೊಸೆಯಂದಿರಿಗೇ ಯಾಕ ಹಿಂಗ ಹೊಟ್ಟಿಬ್ಯಾನಿ ಬರ್ತದ? ಅತ್ತೆಯ ಕೈಯಾಗ ಸಿಡಿಯದ ಸ್ಟೋ ಸೊಸೆಯ ಕೈಯಾಗೇ ಯಾಕ ಸಿಡೀತದ? ಬರೆಸುವವರು ಯಾರು, ಬರೆಯುವವರು ಯಾರು ಎಂದು ನೋಡಿದರೆ ಉತ್ತರ ಸಿಗುತ್ತದೆ. ಸತ್ತಾಕೆಗೆ ಬರೆಸಲು ಬಾಯಿಲ್ಲ.

ಇದು ಕವಿಯ ಅನುಮಾನವಲ್ಲ. 2009ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನ 2001ರ ಒಂದೇ ವರ್ಷದಲ್ಲಿ ಭಾರತದಲ್ಲಿ ಬೆಂಕಿಗೆ ಸತ್ತವರು 1,63,000ಕ್ಕೂ ಹೆಚ್ಚು ಎಂದು ಅಂದಾಜು ಮಾಡಿತು. ಅದರಲ್ಲಿ 1,06,000 ಹೆಂಗಸರು, ಬಹುಪಾಲು 15ರಿಂದ 34 ವಯಸ್ಸಿನವರು. ಹರೆಯದ ಒಬ್ಬ ಗಂಡು ಬೆಂಕಿಗೆ ಸತ್ತರೆ ಹರೆಯದ ಹೆಣ್ಣುಮಕ್ಕಳು ಮೂವರು. ಪೊಲೀಸರ ಲೆಕ್ಕದಲ್ಲಿ ಇದ್ದದ್ದು ಇದರ ಆರನೇ ಒಂದು ಪಾಲು. ಬೆಂಗಳೂರಿನಲ್ಲಿ 1997ರಲ್ಲಿ ಅಸ್ವಾಭಾವಿಕವಾಗಿ ಸತ್ತ 1,133 ಹೆಂಗಸರಲ್ಲಿ ಕೊಲೆ ಎಂದು ಬರೆದದ್ದು 157. ಆತ್ಮಹತ್ಯೆ ಎಂದು 546, ಅಪಘಾತ ಎಂದು 430. 2016ರಲ್ಲಿ ಜಗತ್ತಿನಲ್ಲಿ ಆತ್ಮಹತ್ಯೆ ಮಾಡಿಕೊಂಡ ಹೆಂಗಸರಲ್ಲಿ ನೂರಕ್ಕೆ 37 ಮಂದಿ ಭಾರತದವರು. ಜಗತ್ತಿನ ಹೆಂಗಸರಲ್ಲಿ ಭಾರತದವರು ಇರುವುದೇ ನೂರಕ್ಕೆ ಹದಿನೆಂಟು. ಬೆಂಕಿ, ಬಾವಿ, ಹೊಲಕ್ಕೆ ಹೊಡೆಯುವ ಎಣ್ಣಿ. ಇವು ಕೊಲೆಯ ಪಟ್ಟಿಗೆ ಬರುವುದಿಲ್ಲ. ಕೊಲೆ ಇಳಿಯಿತು ಎನ್ನುವಾಗ ಈ ಪಟ್ಟಿಯನ್ನು ಪಕ್ಕಕ್ಕಿಟ್ಟು ಮಾತಾಡುತ್ತಾರೆ. ಆತ್ಮಹತ್ಯೆಯ ವಾರ್ಷಿಕ ಪುಸ್ತಕದಲ್ಲಿ ಓದು, ಉದ್ಯೋಗ, ವರಮಾನ, ಮದುವೆ ಎಲ್ಲದಕ್ಕೂ ಕಲಂ ಇದೆ. ಜಾತಿಗೆ ಇಲ್ಲ.

ಗಂಡಸರ ಸಾವೂ ಹೀಗೇ ಕಲಂ ಬದಲಿಸುತ್ತದೆ. ಇಳಕಲ್ಲಿನ ಕೆಂಪು ಗ್ರಾನೈಟ್ ದೇಶ ದಾಟಿ ಹೋಗುತ್ತದೆ. ಕ್ವಾರಿಯಲ್ಲಿ ಬಂಡೆ ಜಾರಿ ಸತ್ತವನು 'ಆಕಸ್ಮಿಕ'. ಬಾದಾಮಿ, ಹುನಗುಂದದ ಕಡೆಯಿಂದ ಗೋವಾಕ್ಕೆ, ಮಂಗಳೂರಿಗೆ ಗುಳೆ ಹೋಗಿ ಸಾರವೆಯಿಂದ ಬಿದ್ದು ಸತ್ತವನ ಕೇಸು ಅಲ್ಲಿಯ ಠಾಣೆಯಲ್ಲಿ. ಹೆಣ ಮಾತ್ರ ಇಲ್ಲಿಗೆ ಬರುತ್ತದೆ. ಇಲ್ಲಿಯ ಪುಸ್ತಕಕ್ಕೆ ಅಂವ ಸತ್ತೇ ಇಲ್ಲ.

ಕೊಲೆ ಎಂದು ಬರೆದರೂ ಸಾಲದು. 2000ನೇ ಇಸವಿಯ ಮಾರ್ಚ್ 11ರಂದು ಚಿಂತಾಮಣಿ ತಾಲೂಕಿನ ಕಂಬಾಲಪಲ್ಲಿಯಲ್ಲಿ ಹೆಣ್ಣು ಗಂಡು ಸೇರಿ ಏಳು ಜನ ದಲಿತರನ್ನು ಬೆಂಕಿ ಹಚ್ಚಿ ಕೊಂದರು. 2006ರಲ್ಲಿ ಕೆಳಗಿನ ಕೋರ್ಟು ಆರೋಪಿಗಳನ್ನು ಬಿಡುಗಡೆ ಮಾಡಿತು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಏಳು ಹೆಣ ಇವೆ, ಕೊಂದವರು ಯಾರೂ ಇಲ್ಲ. ಆ ಏಳು ಜನ ತಾವಾಗಿ ಉರಿದುಹೋದರೇನು?

ಈಗ ನಮ್ಮ ಮಣ್ಣಿಗೆ ಬರೋಣ. ಕೃಷ್ಣೆಯೂ ಮಲಪ್ರಭೆಯೂ ಕೂಡುವ ಕೂಡಲಸಂಗಮ ಹುನಗುಂದದ ನೆಲ. ಬಸವಣ್ಣ ಕಲ್ಯಾಣದಿಂದ ಯಾಕೆ ಇಲ್ಲಿಗೆ ಮರಳಿದ? ಶರಣರ ಚರಿತ್ರೆ ಹೇಳುವಂತೆ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಯಿತು. ಅದಕ್ಕಾಗಿ ಬಿಜ್ಜಳ ಆ ಇಬ್ಬರು ಬೀಗರನ್ನು ಎಳೆಹೂಟೆಗೆ ಗುರಿಮಾಡಿದ. ಅಂದು ಅಪ್ಪಂದಿರು ಮಕ್ಕಳ ಜೊತೆ ನಿಂತರು, ಪ್ರಭುತ್ವ ಕೊಂದಿತು. ಇಂದು ಕಾನೂನು ಮಕ್ಕಳ ಜೊತೆ ನಿಂತಿದೆ, ಮನೆಯವರು ಕೊಲ್ಲುತ್ತಿದ್ದಾರೆ. ಎಂಟುನೂರು ವರ್ಷಗಳ ಬದಲಾವಣೆ ಇಷ್ಟೇ ಆದರೆ ಸಂಗಮದ ಜಾತ್ರೆ ಯಾರಿಗಾಗಿ?

2017ರ ಜೂನ್‌ನಲ್ಲಿ ಹೊಳೆಯಾಚೆಯ ಗುಂಡಕನಾಳದಲ್ಲಿ ದಲಿತ ಹುಡುಗನನ್ನು ಮದುವೆಯಾದ ಬಸುರಿ ಹುಡುಗಿಯನ್ನು ಆಕೆಯ ಮನೆಯವರೇ ಸುಟ್ಟು ಕೊಂದರು. 2019ರ ನವೆಂಬರ್‌ನಲ್ಲಿ ನಮ್ಮ ನೆರೆಯ ಗದಗ ಜಿಲ್ಲೆಯ ಲಕ್ಕಲಕಟ್ಟಿಯಲ್ಲಿ ಮಾದರ ಹುಡುಗನನ್ನೂ ಅವನ ಕೈ ಹಿಡಿದ ಲಂಬಾಣಿ ಹುಡುಗಿಯನ್ನೂ ಆಕೆಯ ಕಡೆಯವರು ಕಲ್ಲಿನಿಂದ ಹೊಡೆದು ಕೊಂದರು. ಊರು ಬಿಟ್ಟು ದೂರ ದುಡಿದು ಬಾಳುವೆ ಮಾಡುತ್ತಿದ್ದ ಜೋಡಿ, ಊರಿಗೆ ಬಂದಾಗ ಸತ್ತಿತು. 2025ರ ಜನವರಿಯಲ್ಲಿ ಗದಗದ ನ್ಯಾಯಾಲಯ ನಾಲ್ವರಿಗೆ ಮರಣದಂಡನೆ ವಿಧಿಸಿತು. ಸತ್ತ ಆ ಮೂವರೂ ಬಾಳಿ ಬದುಕಬೇಕಾದ ಹರೆಯದವರು. ಅವರು ಮಾಡಿದ್ದು ಬಾಬಾಸಾಹೇಬರು 1936ರಲ್ಲಿ 'ಜಾತಿ ವಿನಾಶ'ದಲ್ಲಿ ನಿಜವಾದ ಮದ್ದು ಎಂದು ಹೇಳಿದ ಕೆಲಸ. ಮದ್ದು ಕುಡಿಯಲು ಹೋದವರನ್ನೇ ರೋಗ ತಿಂದಿತು.

ಗುಂಡಕನಾಳದ ಮನೆಯವರ ಧರ್ಮ ಬೇರೆ, ಜಾತಿ ಅವರನ್ನೂ ಬಿಡಲಿಲ್ಲ. ಲಕ್ಕಲಕಟ್ಟಿಯಲ್ಲಿ ಎರಡೂ ಕಡೆಯವರು ಪರಿಶಿಷ್ಟ ಜಾತಿಯವರು. ಅಂಥಲ್ಲಿ ದೌರ್ಜನ್ಯ ತಡೆ ಕಾಯ್ದೆ ಬರುವುದೇ ಇಲ್ಲ, ಆರೋಪಿ ಪರಿಶಿಷ್ಟ ಜಾತಿ ಪಂಗಡದವನಾಗಿರಬಾರದು ಎಂಬುದು ಅದರ ನಿಯಮ. ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಈ ವ್ಯವಸ್ಥೆಯಲ್ಲಿ ತುಳಿಸಿಕೊಂಡವನಿಗೂ ತುಳಿಯಲು ಒಂದು ಮೆಟ್ಟಿಲು ಕೊಟ್ಟಿದ್ದಾರೆ. ಇನ್ನು ಮರ್ಯಾದೆಗೇಡು ಹತ್ಯೆ ಎಷ್ಟಾಗಿವೆ ಎಂದು ಸರ್ಕಾರ ಸಂಸತ್ತಿಗೆ ಹೇಳಿದ ಲೆಕ್ಕ ಕೇಳಿ: 2014ರಲ್ಲಿ 28, 2015ರಲ್ಲಿ 251, 2020ರಲ್ಲಿ 25. ಒಂದೇ ವರ್ಷದಲ್ಲಿ ಒಂಬತ್ತು ಪಟ್ಟು ಏರಿ ಐದು ವರ್ಷದಲ್ಲಿ ಹತ್ತನೇ ಒಂದಕ್ಕೆ ಇಳಿಯಲು ಇದೇನು ಮಲಪ್ರಭೆಯ ನೆರೆಯೇ? ಏರಿಳಿದದ್ದು ಕತ್ತಿಯಲ್ಲ, ಬರೆಯುವ ಪೆನ್ನು.

ಒಂದು ಕಹಿ ಮಾತನ್ನು ನಮ್ಮೊಳಗೂ ಆಡಬೇಕು. ಕೇರಿಯ ಗಂಡಸು ಊರವರ ಮುಂದೆ ಬಗ್ಗಿಸಿದ ಬೆನ್ನನ್ನು ಮನೆಗೆ ಬಂದು ಹೆಂಡತಿಯ ಮುಂದೆ ನೆಟ್ಟಗೆ ಮಾಡುತ್ತಾನೆ. ಆಕೆ ಸತ್ತರೆ 'ನಮ್ಮ ಮನಿ ಮಾತು, ಹೊರಗ ಹಾಕಬ್ಯಾಡ್ರಿ' ಅನ್ನುತ್ತಾರೆ. ಇದೇ ಮಾತನ್ನು ಗೌಡರೂ ಅನ್ನುತ್ತಿದ್ದರು, 'ನಮ್ಮ ಊರ ಮಾತು, ಠಾಣೆಗೆ ಹೋಗಬ್ಯಾಡ್ರಿ' ಅಂತ. ಎರಡೂ ಒಂದೇ ಬಾಯಿ. ಮೇಲ್ಜಾತಿಯವ ಕೊಂದಾಗ ಮೆರವಣಿಗೆ, ನಮ್ಮವನೇ ಕೊಂದಾಗ ಮೌನ ಎಂದಾದರೆ ಅದು ಚಳವಳಿಯಲ್ಲ.

ಆದ್ದರಿಂದ ಮಾಡಬೇಕಾದ ಕೆಲಸ.

ಒಂದು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ನಾಲ್ಕೂ ಕಡೆ ನಮ್ಮದೇ ಒಂದೊಂದು ಪುಸ್ತಕ ಇಡಬೇಕು. ಇಪ್ಪತ್ತು ರೂಪಾಯಿಯ ನೋಟ್‌ಬುಕ್ಕು ಸಾಕು. ಕೇರಿಯಲ್ಲಿ ವಯಸ್ಸಾಗಿ, ರೋಗದಿಂದ ಅಲ್ಲದೆ ಸತ್ತ ಪ್ರತಿಯೊಬ್ಬರದೂ ವಯಸ್ಸು, ಹೆಣ್ಣೋ ಗಂಡೋ, ಜಾತಿ, ಸತ್ತ ಜಾಗ, ಠಾಣೆಯಲ್ಲಿ ಏನು ಬರೆದರು, ಕೇರಿಯ ಜನ ಏನು ಹೇಳುತ್ತಾರೆ, ಇಷ್ಟನ್ನು ಬರೆಯಬೇಕು. ಗುಳೆ ಹೋಗಿ ಸತ್ತವರನ್ನೂ ಬಿಡಬಾರದು. ಬರೆಯುವವರಲ್ಲಿ ಒಬ್ಬ ಅಕ್ಕನೋ ತಂಗಿಯೋ ಇರಲೇಬೇಕು. ಸತ್ತ ಸೊಸೆಯ ಮಾತು ಗಂಡಸರ ಕಿವಿಗೆ ಬೀಳುವುದಿಲ್ಲ. ಇಂಗ್ಲೆಂಡಿನಲ್ಲಿ ಏಳುನೂರು ವರ್ಷದ ಹಿಂದಿನ ಕೊಲೆಗಳ ಲೆಕ್ಕ ಇಂದು ಸಿಗುತ್ತದೆ, ಲಕ್ಷಕ್ಕೆ ಇಪ್ಪತ್ತರಷ್ಟಿದ್ದದ್ದು ಒಂದಕ್ಕೆ ಇಳಿದದ್ದು ಗೊತ್ತಾಗುತ್ತದೆ. ಯಾಕೆಂದರೆ ಅಲ್ಲಿ ಕರೋನರ್ ಎಂಬ ಅಧಿಕಾರಿ ಅನುಮಾನದ ಸಾವುಗಳನ್ನು ಕೂತು ಬರೆದಿಟ್ಟ. ಬರೆದದ್ದು ಉಳಿಯಿತು.

ಎರಡು. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣು ಆತ್ಮಹತ್ಯೆಯಿಂದ ಇಲ್ಲವೆ ಅನುಮಾನಾಸ್ಪದವಾಗಿ ಸತ್ತರೆ ಶವಪರೀಕ್ಷೆ ಆಗಬೇಕು. ಇದು ಹಳೆಯ ಕಾನೂನಿನಲ್ಲೂ ಇತ್ತು, 2024ರ ಜುಲೈ 1ರಿಂದ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇದೆ. ತಹಸೀಲ್ದಾರರೇ ಬಂದು ಪಂಚನಾಮೆ ಮಾಡಲಿ ಎಂದು ಕೇಳಿ. ಹೆಣ ಸುಟ್ಟ ಮೇಲೆ ಕೇಳಿದರೆ ಬೂದಿ ಮಾತಾಡುವುದಿಲ್ಲ.

ಮೂರು. ದಲಿತನನ್ನು ದಲಿತೇತರ ಕೊಂದರೆ ದೌರ್ಜನ್ಯ ಕಾಯ್ದೆ ಹಾಕಲೇಬೇಕು. ಸತ್ತವನ ಜಾತಿ ಆರೋಪಿಗೆ ಗೊತ್ತಿದ್ದರೆ ಸಾಕು, ಜಾತಿಯ ಕಾರಣಕ್ಕೇ ಕೊಂದ ಎಂದು ಸಾಧಿಸಬೇಕಿಲ್ಲ. 2016ರಿಂದ ಕಾನೂನು ಹೀಗಿದೆ. ತನಿಖೆ ಡಿವೈಎಸ್‌ಪಿ ಮಾಡಬೇಕು, 60 ದಿನದಲ್ಲಿ ಆರೋಪಪಟ್ಟಿ ಆಗಬೇಕು. 2016ರ ನಿಯಮದಲ್ಲಿ ಕೊಲೆಯಾದವನ ಮನೆಗೆ ಪರಿಹಾರ 8,25,000 ರೂಪಾಯಿ, ಅರ್ಧ ಶವಪರೀಕ್ಷೆಯಾದ ಮೇಲೆ, ಅರ್ಧ ಆರೋಪಪಟ್ಟಿ ಕೋರ್ಟಿಗೆ ಹೋದ ಮೇಲೆ. ಇದು ಭಿಕ್ಷೆಯಲ್ಲ. ಕೈಕಟ್ಟಿ ನಿಲ್ಲಬೇಡಿ.

ನಾಲ್ಕು. ಜಾತಿ ಬಿಟ್ಟು ಮದುವೆಯಾದವರಿಗೆ ಜಿಲ್ಲಾ ಕೇಂದ್ರದಲ್ಲಿ ಸುರಕ್ಷಿತ ಮನೆ ಮಾಡಲು ಸರ್ಕಾರಗಳು ಯೋಚಿಸಬೇಕು ಎಂದು 2018ರ ಮಾರ್ಚ್ 27ರಂದು ಸುಪ್ರೀಂ ಕೋರ್ಟ್ ಹೇಳಿದೆ. ಜಿಲ್ಲಾ ಜಾಗೃತಿ ಸಮಿತಿ ಮೂರು ತಿಂಗಳಿಗೊಮ್ಮೆ ಕೂಡಬೇಕೆಂಬ ನಿಯಮವಿದೆ. ಆ ಸಭೆಯಲ್ಲಿ 'ನವನಗರದಾಗ ಆ ಮನಿ ಎಲ್ಲಿ ಐತ್ರಿ ಸಾಹೇಬ್ರ?' ಎಂದು ಎದ್ದು ನಿಂತು ಕೇಳಿ. ಅದು ಆಗುವ ತನಕ ಓಡಿ ಬಂದ ಜೋಡಿಗೆ ನಮ್ಮ ಕೇರಿಯ ಬಾಗಿಲು ತೆರೆದಿರಬೇಕು, ಹುಡುಗಿ ಯಾವ ಜಾತಿಯವಳೇ ಇರಲಿ, ಹುಡುಗ ಯಾವ ಜಾತಿಯವನೇ ಇರಲಿ.

ಅವರು ಸತ್ತವರಿಗೆ ಕಲ್ಲು ನೆಟ್ಟರು. ನಮಗೆ ಕಲ್ಲು ಬೇಡ, ಕಲ್ಲು ನಾವು ಸಾಕಷ್ಟು ಹೊತ್ತಿದ್ದೇವೆ. ನಮಗೆ ಬೇಕಾದದ್ದು ಬದುಕಿರುವ ಮಕ್ಕಳು. ಅವರು ಉಳಿಯಬೇಕಾದರೆ ಮೊದಲು ಸತ್ತವರನ್ನು ಒಬ್ಬೊಬ್ಬರನ್ನಾಗಿ, ಹೆಸರು ಹಿಡಿದು, ವಯಸ್ಸು ಹಿಡಿದು ಎಣಿಸಬೇಕು. ಮುಂದಿನ ಸಭೆಗೆ ಬರುವಾಗ ಘೋಷಣೆಯ ಜೊತೆಗೆ ಆ ಪುಸ್ತಕವನ್ನೂ ತನ್ನಿ.

ಜೈ ಭೀಮ್.

ಸಂಪಾದಕ